ಸೋಮವಾರ ಸಂಜೆಯ ಮಡಿ

ಬೆಳಿಗ್ಗೆ ಬರಿಗಾಲಲ್ಲಿ, ಮೊಣಕಾಲು ಹರಿದ ಜೀನ್ಸ್ ಹಾಕಿಕೊಂಡು, ಅಡುಗೆಮನೆಯ ಕಟ್ಟೆಯ ಮೇಲೆ ಹತ್ತಿ ಕೂತು ತಿಂಡಿ ತಿನ್ನುತ್ತಿದ್ದ ಹುಡುಗಿಯರೇ ಇವರು ಎಂದರೆ ನಂಬಲಾಗಲಿಲ್ಲ. ಸಂಜೆ ಏಳಕ್ಕೆ ಸ್ವಲ್ಪ ಮುಂಚೆ ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಬಂದರು. ಎಲ್ಲರಿಗೂ ಫ್ರಾಕು, ಕಾಲಿಗೆ ತೆಳುವಾದ ಸ್ಟಾಕಿಂಗ್ಸ್, ಎತ್ತರದ ಹಿಮ್ಮಡಿಯ ಷೂ. ಎದೆಯ ಎಡಗಡೆ, ಸರಿಯಾಗಿ ಹೃದಯದ ಮೇಲೆ, ಉಗುರಿನಷ್ಟು ದೊಡ್ಡ ಚಿನ್ನದ ಬಣ್ಣದ ಪಿನ್ನು. ಯಾರೂ ತುಟಿ ಬಿಚ್ಚಲಿಲ್ಲ. ಸಾಲಾಗಿ ಹಾಲ್‌ನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನಿನ್ನೂ ಆ ಮನೆಯ ಸದಸ್ಯೆಯಾಗಿರಲಿಲ್ಲ, ಬರಿಯ ಅತಿಥಿ. ಹೊರಗೆ ಸೋಫಾದ ಮೇಲೆ ಕೂತು, ಇದೇನಪ್ಪ, ಬಂದದ್ದು ಅಮೆರಿಕಕ್ಕೋ ಯಾವುದಾದರೂ ಮಠಕ್ಕೋ ಎಂದುಕೊಂಡೆ.

ನಾನು ಧಾರವಾಡದಿಂದ ನ್ಯೂಜೆರ್ಸಿಗೆ ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮಾರಿಸ್‌ಟೌನ್‌ನಲ್ಲಿದ್ದ ಅಕ್ಕ-ಭಾವನ ಮನೆಗೆ. ಕಾಲೇಜು ಅಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ನಮ್ಮೂರಲ್ಲಾದರೆ ಸಿಟಿ ಬಸ್ ತಪ್ಪಿದರೆ ಟಾಂಗಾ, ಟಾಂಗಾ ಇಲ್ಲದಿದ್ದರೆ ಕಾಲು. ಇಲ್ಲಿ ಕಾರಿಲ್ಲದವರಿಗೆ ಕಾಲೂ ಇಲ್ಲ. ಆಸ್ಪತ್ರೆಯ ಕೆಲಸಕ್ಕೆ ಹೋಗುವ ಮೊದಲು ಭಾವ ದಿನಾ ನನ್ನನ್ನು ಬಿಟ್ಟು ಬರಬೇಕಿತ್ತು. ಪಾಪ, ಬಾಯಲ್ಲಿ ಏನೂ ಅನ್ನುತ್ತಿರಲಿಲ್ಲ, ಗೇರ್ ಹಾಕುವ ರಭಸದಲ್ಲೇ ಎಲ್ಲ ತಿಳಿಯುತ್ತಿತ್ತು.

ಈ ಫಜೀತಿಯಿಂದ ನನ್ನನ್ನು ಪಾರುಮಾಡಿದವಳು ಕ್ಯಾರಲ್. ಕೆಮಿಸ್ಟ್ರಿ ಲ್ಯಾಬಿನಲ್ಲಿ ನನ್ನ ಜೊತೆಗಾತಿ. ಕಾಲೇಜಿನ ಪಕ್ಕದ ಸೊರಾರಿಟಿ ಮನೆಯಲ್ಲಿ ಇರುತ್ತಿದ್ದಳು. ಸೊರಾರಿಟಿ ಎಂದರೆ ಹುಡುಗಿಯರ ಸಂಘ, ಹುಡುಗರದ್ದಾದರೆ ಫ್ರಟರ್ನಿಟಿ. ಸದಸ್ಯರೆಲ್ಲ ಒಂದೇ ಮನೆಯಲ್ಲಿದ್ದು ಪರಸ್ಪರ ಸಿಸ್ಟರ್ ಎಂದು ಕರೆದುಕೊಳ್ಳುತ್ತಾರೆ. ನನ್ನನ್ನು ಸೇರಿಸಿಕೊಳ್ಳಿ ಎಂದು ವಾದಿಸಿದವಳೂ, ತನ್ನ ರೂಮಿನಲ್ಲಿ ಜಾಗ ಕೊಟ್ಟವಳೂ, ಎಲ್ಲರ ಹಂದಿಮಾಂಸದ ಹ್ಯಾಮಿನ ನಡುವೆ ಫ್ರಿಜ್‌ನಲ್ಲಿ ನನ್ನ ಮೊಸರಿಗೆಂದು ಒಂದು ಖಾನೆ ಖಾಲಿ ಮಾಡಿಸಿದವಳೂ ಅವಳೇ. ಅಕ್ಕನಿಗಾಗಿ ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತಾಗ ಏನೂ ಕೇಳದೆ ದೀಪ ಹಚ್ಚಿ ಪಕ್ಕದಲ್ಲಿ ಕೂರುತ್ತಿದ್ದಳು.

ಪ್ರತಿ ಸೋಮವಾರ ನಡೆಯುವ ಸಭೆಗೆ ಚಾಪ್ಟರ್ ಮೀಟಿಂಗ್ ಎನ್ನುತ್ತಾರೆ. ಅದಕ್ಕೆ ಪ್ಯಾಂಟು ನಿಷಿದ್ಧ. ಸಂಘದ ಗುರುತಾದ ಆ ಪಿನ್ನು ಪ್ಯಾಂಟಿನ ಉಡುಪಿನ ಮೇಲೆ ಕೂರಬಾರದು ಎಂಬುದು ಕಟ್ಟುನಿಟ್ಟು. ನನ್ನ ಸೀರೆ ನಡೆಯುತ್ತದೋ ಇಲ್ಲವೋ ಎಂದು ಒಂದು ಸಮಿತಿ ಕೂತು, ಕೊನೆಗೆ ಸೆರಗಿನ ಮೇಲೇ ಪಿನ್ನು ಚುಚ್ಚಿಕೊಳ್ಳಬಹುದು ಎಂದು ತೀರ್ಮಾನಿಸಿತು. ಕಾಲೇಜಿನ ಉಳಿದ ವಿದೇಶಿ ಹುಡುಗಿಯರಿಗೆ ಈ ಕಟ್ಟಳೆ ವಿಚಿತ್ರವಾಗಿ ಕಾಣುತ್ತಿತ್ತು. ನನಗೆ ಮಾತ್ರ ತವರಿಗೆ ಬಂದಂತಾಯಿತು. ಇದು ಮಡಿಯಲ್ಲವೇ! ಬೇರೆ ಬಟ್ಟೆ, ಬೇರೆ ಹೊತ್ತು, ಮುಟ್ಟಬಾರದು, ಮಾತಾಡಬಾರದು. ಅಜ್ಜಿಯ ಅಡುಗೆಮನೆಯಲ್ಲಿ ಬೆಳೆದವಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆ ದೊಡ್ಡ ದೇಶದಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಸಂಗತಿ ಅದೊಂದೇ.

ಎರಡನೆಯ ವರ್ಷ ನನ್ನನ್ನೇ ಬಾಗಿಲಲ್ಲಿ ನಿಂತು ಉಡುಪು ನೋಡುವ ಕೆಲಸಕ್ಕೆ ಆರಿಸಿದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಸ್ಟಾಕಿಂಗ್ಸ್‌ನಲ್ಲಿ ಒಂದೆಳೆ ಬಿಟ್ಟಿದ್ದರೂ ವಾಪಸು ಕಳಿಸುತ್ತಿದ್ದೆ. ಎಲ್ಲರೂ ನನ್ನನ್ನು ಹೊಗಳಿದರು. ಹೊಗಳಿಕೆ ಎಂದರೆ ಆಗ ನನಗೆ ಊಟಕ್ಕಿಂತ ಹೆಚ್ಚು.

ಕ್ಯಾರಲ್‌ಳ ಅಪ್ಪ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವಳು ಮಧ್ಯಾಹ್ನದಿಂದ ಸಂಜೆಯವರೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ತನ್ನ ಓದು ನಡೆಸುತ್ತಿದ್ದಳು. ಅಲ್ಲಿಯ ಸಮವಸ್ತ್ರ ನೀಲಿ ಪ್ಯಾಂಟು. ಕೆಲಸದಿಂದಾಗಿ ಆಗಲೇ ಎರಡು ಸಭೆ ತಪ್ಪಿಸಿಕೊಂಡಿದ್ದಳು. ಮೂರನೆಯದು ತಪ್ಪಿದರೆ ಮುಂದಿನ ವರ್ಷ ಮನೆಯಲ್ಲಿ ರೂಮು ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಫೆಬ್ರವರಿಯ ಆ ಸೋಮವಾರ ಹಿಮ ಸುರಿದು ಬಸ್ಸು ತಡವಾಯಿತು. ಬಾಗಿಲು ಹಾಕಲು ಎರಡು ನಿಮಿಷವಿದ್ದಾಗ ಕ್ಯಾರಲ್ ಏದುಸಿರು ಬಿಡುತ್ತ ಬಂದಳು. ಕೂದಲ ತುಂಬ ಹಿಮ, ಮೈಮೇಲೆ ಅದೇ ನೀಲಿ ಪ್ಯಾಂಟು.

"ಹಾಜರಿ ಕೂಗೋವರೆಗೆ ಹಿಂದಿನ ಸಾಲಲ್ಲಿ ಕೂರ್ತೀನಿ, ಆಮೇಲೆ ಹೋಗಿ ಬದಲಾಯಿಸ್ತೀನಿ," ಎಂದಳು.

ನನ್ನ ಬೆನ್ನ ಹಿಂದೆ ಎಲ್ಲರೂ ನೋಡುತ್ತಿದ್ದರು. "ಪ್ಯಾಂಟಲ್ಲಿ ಬಿಡೋಕಾಗಲ್ಲ ಕ್ಯಾರಲ್," ಎಂದೆ.

ಅವಳು ನನ್ನ ಮುಖ ನೋಡಲಿಲ್ಲ, ಸೀರೆಯ ಅಂಚು ನೋಡಿದಳು. ಈಗ ಹೇಳಲೇಬೇಕು: ಆ ಸೀರೆಯೊಳಗೆ ನಾನೂ ಉಣ್ಣೆಯ ಪ್ಯಾಂಟು ಹಾಕಿಕೊಂಡಿದ್ದೆ. ಡಿಸೆಂಬರಿನಲ್ಲಿ ನನ್ನ ಕಾಲು ಚಳಿಗೆ ಮರಗಟ್ಟಿದ್ದನ್ನು ಕಂಡು ಅವಳೇ ತನ್ನ ತಮ್ಮನದನ್ನು ತಂದುಕೊಟ್ಟಿದ್ದಳು. ಒಂದು ಮಾತು ಸಾಕಿತ್ತು, ನನ್ನ ಮಾನ ಅಲ್ಲೇ ಹೋಗುತ್ತಿತ್ತು. ಅವಳು ಆ ಮಾತು ಆಡಲಿಲ್ಲ. ಮೂರನೆಯ ಮಹಡಿಗೆ ಓಡಿದಳು. ನಾನು ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿದೆ. ಹಾಜರಿ ಕೂಗುತ್ತಿರುವಾಗ ಎರಡು ಸಲ ಮೆಲ್ಲಗೆ ತಟ್ಟಿದ್ದು ಕೇಳಿಸಿತು. ಬಾಗಿಲಿನ ಹಿಡಿ ನನ್ನ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು.

ಮರುವಾರ, ಕ್ಯಾರಲ್‌ಗೆ ಇನ್ನು ರೂಮು ಇಲ್ಲವೆಂದು ತೀರ್ಮಾನಿಸುವ ಮುಂಚೆ, ಅವಳ ಪರವಾಗಿ ಯಾರಿಗಾದರೂ ಹೇಳುವುದಿದೆಯೇ ಎಂದು ಅಧ್ಯಕ್ಷೆ ಕೇಳಿದಳು. ಸೀರೆಯನ್ನು ಸ್ವಲ್ಪ ಎತ್ತಿ ತೋರಿಸಿದ್ದರೆ ಮುಗಿಯುತ್ತಿತ್ತು. ಹಾಗೆ ಮಾಡಿದರೆ ನನ್ನ ರೂಮು, ನನ್ನ ಹೆಸರು, ಮತ್ತೆ ಭಾವನ ಕಾರು ಎಂದು ಲೆಕ್ಕ ಹಾಕುತ್ತ ಸುಮ್ಮನೆ ಕೂತೆ. ಥೂ, ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಅಕ್ಕನಿಗೆ ಹೇಳಿದೆ. ಕಾಯಿದೆ ಎಂದ ಮೇಲೆ ಕಾಯಿದೆ, ಅಜ್ಜಿಯ ಮಡಿಯ ಹಾಗೆ ಎಂದು ಸಮರ್ಥಿಸಿಕೊಂಡೆ. ಅಕ್ಕ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. "ಅಜ್ಜಿ ಮಡಿಲೆ ಇದ್ದಾಗ ನಮ್ಮ ಗಿರಿಜಾ ಜ್ವರಾ ಬಂದು ಬಿದ್ದಿದ್ಲಲ್ಲ, ನೆನಪಿಲ್ಲೇನ ನಿನಗ? ಮಡಿ ಗಿಡಿ ಬಿಟ್ಟು ಎತ್ತಿಕೊಂಡ್ಲು. ಆಮ್ಯಾಲೆ ಮತ್ತ ನೀರು ಹಾಕ್ಕೊಂಡ್ಲು, ಅಷ್ಟ."

ಅಜ್ಜಿಯನ್ನು ದೊಡ್ಡವಳು ಮಾಡಲು ಇದನ್ನು ಬರೆಯುತ್ತಿಲ್ಲ. ಗಿರಿಜಾ ಮೊಮ್ಮಗಳು, ಮೊಮ್ಮಗಳಲ್ಲದ ಎಷ್ಟೋ ಜನರನ್ನು ಅವಳೂ ಅಂಗಳದಲ್ಲೇ ನಿಲ್ಲಿಸಿದ್ದಾಳೆ. ಆದರೆ ತನ್ನವರಿಗಾಗಿ ಕಟ್ಟಳೆ ಮುರಿಯುವುದು ಅವಳಿಗೆ ಗೊತ್ತಿತ್ತು. ನಾನು ಸಿಸ್ಟರ್ ಎಂದು ಕರೆಯುತ್ತಿದ್ದವಳಿಗೂ ಅಷ್ಟು ಮಾಡಲಿಲ್ಲ.

ಮೇ ತಿಂಗಳಲ್ಲಿ ಕ್ಯಾರಲ್ ರೂಮು ಖಾಲಿ ಮಾಡಿದಳು. ಆಸ್ಪತ್ರೆಗೂ ಕಾಲೇಜಿಗೂ ಬಸ್ಸಿರುವ ಕಡೆ ಅವಳಿಗೆ ಬೇರೆ ಜಾಗ ಸಿಗಲಿಲ್ಲ. ಓದು ಬಿಟ್ಟು ಅಪ್ಪನ ಮನೆಗೆ ಹೊರಟಿದ್ದಳು. ಪೆಟ್ಟಿಗೆ ಕೆಳಗಿಳಿಸಲು ಕೈ ಕೊಟ್ಟೆ. ಬೈಯಲಿ ಎಂದು ಕಾದೆ. ಅಪ್ಪನ ಟ್ರಕ್ ಹತ್ತುವ ಮುಂಚೆ ಅವಳು, "ನಿನ್ನನ್ನ ಒಳಗೆ ಸೇರಿಸೋಕೆ ನಾನು ಎಷ್ಟು ಜಗಳ ಆಡಿದ್ದೆ ಗೊತ್ತಾ?" ಎಂದು ಮಾತ್ರ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂದು ಕೇಳಿದ ಹಾಗಿತ್ತು. ನಾನು ಪೆಟ್ಟಿಗೆಯನ್ನು ಟ್ರಕ್ಕಿನ ಹಿಂದೆ ಇಟ್ಟೆ. ಆಮೇಲೆ ಮೂರು ಪತ್ರ ಬರೆದೆ. ಒಂದಕ್ಕೂ ಜವಾಬು ಬರಲಿಲ್ಲ.

ಮುಂದಿನ ವರ್ಷವೇ ಆ ಕಟ್ಟಳೆ ಬಿದ್ದುಹೋಯಿತು. ಊರೆಲ್ಲ ಯುದ್ಧ ಬೇಡವೆಂದು ಬೀದಿಗಿಳಿದಿರುವಾಗ ಸ್ಟಾಕಿಂಗ್ಸ್ ಯಾರಿಗೆ ಬೇಕು ಎಂದಳು ಒಬ್ಬಳು. ಕೈ ಎತ್ತಿಸಿ ಮತ ಕೇಳಿದರು, ಐದು ನಿಮಿಷದಲ್ಲಿ ಮುಗಿಯಿತು. ನಾನೂ ಕೈ ಎತ್ತಿದೆ. ಮರು ಸೋಮವಾರ ಎಲ್ಲರೂ ಜೀನ್ಸ್‌ನಲ್ಲಿ ನಗುತ್ತ ಬಂದು ನೆಲದ ಮೇಲೆ ಕೂತರು. ನನ್ನ ಪಕ್ಕದ ಜಾಗ ಖಾಲಿಯಿತ್ತು.

ಈಗ ಇಲ್ಲೇ, ನ್ಯೂಜೆರ್ಸಿಯಲ್ಲೇ, ಮನೆ ಮಾಡಿದ್ದೇನೆ. ನೆರೆಯವರು ನನ್ನನ್ನು ತಮ್ಮವಳೆಂದೇ ತಿಳಿಯುತ್ತಾರೆ, ಧಾರವಾಡದವರು ಇನ್ನೂ ತಮ್ಮವಳೆಂದೇ ಕರೆಯುತ್ತಾರೆ. ಎರಡು ಕಡೆಯೂ ಬಾಯ್ತುಂಬ ನಗಲು ನನಗೆ ಆಗುವುದಿಲ್ಲ. ಕಳೆದ ಸಲ ಊರಿಗೆ ಹೋದಾಗ ಚಿಕ್ಕಮ್ಮ, "ಪರದೇಶದಾಗ ನಿನ್ನ ಬ್ಯಾರೆ ಮಾಡಿ ಹೊರಗ ನಿಲ್ಲಿಸಲಿಲ್ಲೇನ?" ಎಂದು ಕಳಕಳಿಯಿಂದ ಕೇಳಿದರು. ಇಲ್ಲ ಚಿಕ್ಕಮ್ಮ, ನನ್ನನ್ನು ಒಳಗೇ ಕೂರಿಸಿಕೊಂಡರು ಎಂದೆ. ಅವರಿಗೆ ಸಮಾಧಾನವಾಯಿತು. ನಾನು ಯಾರನ್ನು ಹೊರಗೆ ನಿಲ್ಲಿಸಿದೆ ಎಂದು ಅವರು ಕೇಳಲಿಲ್ಲ. ಅಲ್ಲಿಯೂ ಇಲ್ಲಿಯೂ ಇದುವರೆಗೆ ಯಾರೂ ಕೇಳಿಲ್ಲ.