ಉಬ್ಬಣ್ಣ ಬಿಸಿಗಿಟ್ಟ ಡಬ್ಬಿ

ಬೇಕರಿಯ ಹಿಂದಿನ ಕೋಣೆಗೆ ಕಾಲಿಟ್ಟ ಕೂಡಲೇ ಅವನ ಬಾಯಿಂದ ಬರುವ ಮೊದಲ ಮಾತು ಒಂದೇ: "ಉಬ್ತಾ?" ಹಿಟ್ಟು ಉಬ್ಬಿದ್ದರೆ ಆ ದಿನ ಸುಸೂತ್ರ. ಉಬ್ಬದಿದ್ದರೆ ಮಾಲೀಕರ ಮುಖ ಉಬ್ಬುತ್ತದೆ. ಕೇಳಿ ಕೇಳಿ ಅವನಿಗೆ ಉಬ್ಬಣ್ಣ ಎಂಬ ಹೆಸರೇ ಅಂಟಿಕೊಂಡಿತು. ಉಬ್ಬು ಹೆಸರಿನಲ್ಲಷ್ಟೇ, ಮನುಷ್ಯ ಮಾತ್ರ ಒಣಗಿದ ಬ್ರೆಡ್ಡಿನ ಅಂಚು. ಮೀಸೆ ಮೂಡುವ ಮೊದಲೇ ಭಟ್ಟಿಯ ಮುಂದೆ ನಿಂತವನು. ಆ ಭಟ್ಟಿಯ ಬಾಯಿ ಸರಿಯಾಗಿ ಅವನ ಸೊಂಟದ ಎತ್ತರಕ್ಕಿದೆ. ಉದ್ದ ಹಿಡಿಕೆಯ ಹಲಗೆಯಿಂದ ಬ್ರೆಡ್ಡನ್ನು ಒಳಗೆ ತಳ್ಳುವುದು, ಹೊರಗೆ ಎಳೆಯುವುದು. ಮತ್ತೆ ತಳ್ಳುವುದು, ಮತ್ತೆ ಎಳೆಯುವುದು. ಮನೆ ಸೇರುವಷ್ಟರಲ್ಲಿ ಚಪ್ಪಲಿ ಬಿಡುವುದಕ್ಕೂ ಗೋಡೆ ಹಿಡಿಯಬೇಕು.

ಮನೆ ಬೇಕರಿಯ ಹಿಂದಿನ ಓಣಿಯಲ್ಲೇ ಇದೆ. ಎರಡು ಕೋಣೆ. ಒಂದರಲ್ಲಿ ಅಮ್ಮ, ಇನ್ನೊಂದರಲ್ಲಿ ಗಂಡ, ಹೆಂಡತಿ ಮತ್ತು ಹೆಂಡತಿಯ ಹೊಲಿಗೆ ಯಂತ್ರ. ಅವಳು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ದಿನವಿಡೀ ಬೇರೆಯವರ ಮಕ್ಕಳ ಅಂಗಿ, ಬೇರೆಯವರ ಮಕ್ಕಳ ಚಡ್ಡಿ. ಮದುವೆಯಾಗಿ ಏಳು ವರ್ಷವಾದರೂ ಅಷ್ಟೆಲ್ಲ ಚಡ್ಡಿಗಳಲ್ಲಿ ಒಂದನ್ನೂ ಮನೆಯಲ್ಲೇ ಇಟ್ಟುಕೊಳ್ಳುವ ಯೋಗ ಬರಲಿಲ್ಲ.

ಅಮ್ಮನ ಮಾತು ಸೊಸೆಗೆ ಕೇಳಲಿ ಎಂದೇ ಗೋಡೆಗೆ ಆಡುವ ಮಾತು. "ಊರವರ ಹಿಟ್ಟೆಲ್ಲ ಉಬ್ಬಿಸ್ತಾನೆ ನನ್ನ ಮಗ. ಮನೇಲಿ ಮಾತ್ರ ಏನೂ ಉಬ್ತಿಲ್ಲ. ಹಿಟ್ಟೇ ಸರಿ ಇಲ್ಲದಿದ್ರೆ ಅವನಾದ್ರೂ ಏನ್ ಮಾಡ್ತಾನೆ ಪಾಪ!"

ಸೊಸೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು. ಮಗ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಇಷ್ಟರಲ್ಲಿ ಅವಳು ಮಾಡಿಸದ ಪರೀಕ್ಷೆ ಉಳಿದಿರಲಿಲ್ಲ. ರಕ್ತ ಕೊಟ್ಟಳು, ಸ್ಕ್ಯಾನ್ ಮಾಡಿಸಿಕೊಂಡಳು, ಗರ್ಭದ ನಾಳ ತೆರೆದಿದೆಯೋ ಇಲ್ಲವೋ ಎಂದು ನೋಡುವಾಗ ಹಲ್ಲು ಕಚ್ಚಿಕೊಂಡು ಮಲಗಿದಳು. ಎಲ್ಲ ಸರಿಯಾಗಿದೆ ಎಂದೇ ಬಂತು. ಪ್ರತಿ ಸಲ ಡಾಕ್ಟ್ರಮ್ಮ ಹೇಳುತ್ತಿದ್ದದ್ದು ಒಂದೇ ಮಾತು: "ನಿಮ್ಮ ಮನೆಯವ್ರನ್ನ ಕರ್ಕೊಂಡು ಬನ್ನಿ." ಪ್ರತಿ ಸಲ ಮನೆಯವರಿಗೆ ಭಟ್ಟಿಯಲ್ಲಿ ಕೆಲಸವಿರುತ್ತಿತ್ತು.

ಒಂದು ದಿನ ಅವಳು ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ ರೀ, ನನ್ನ ಮೈಮೇಲೆ ಇನ್ನು ಬರೆ ಹಾಕೋಕೆ ಜಾಗ ಇಲ್ಲ. ಒಂದ್ಸಲ ಎತ್ತನ್ನೂ ತೋರ್ಸೋಣ."

"ನನಗೇನಾಗಿದೆ? ಗಟ್ಟಿಮುಟ್ಟಾಗೇ ಇದೀನಲ್ಲ."

"ಗಟ್ಟಿ ಇರೋರಿಗೆ ಪರೀಕ್ಷೆಯ ಒಂದು ಡಬ್ಬಿ ಕಂಡ್ರೆ ಭಯ ಯಾಕೆ?"

ಅವನಿಗೆ ಡಬ್ಬಿಯ ಭಯವಿರಲಿಲ್ಲ, ಒಂದು ಮಾತಿನ ಭಯವಿತ್ತು. ಹೆಂಗಸಿಗೆ ಬಂಜೆ ಅನ್ನುತ್ತಾರೆ. ಗಂಡಸಿಗೆ ಏನನ್ನುತ್ತಾರೋ ಅವನಿಗೆ ಗೊತ್ತಿತ್ತು, ಅದು ಬೈಗುಳ. ಬೇಕರಿಯಲ್ಲಿ ತಮಾಷೆಗೆ ಅಂದರೂ ಕೈ ಕೈ ಮಿಲಾಯಿಸುವಂಥದ್ದು.

ಆದರೂ ಹೋದ. ಪ್ರಯೋಗಾಲಯದವನು ಮುಚ್ಚಳದ ಚಿಕ್ಕ ಡಬ್ಬಿಯೊಂದನ್ನು ಕೊಟ್ಟು, ಎರಡು ಮೂರು ದಿನ ಹೆಂಡತಿಯ ಹತ್ತಿರ ಹೋಗಬಾರದು, ಆಮೇಲೆ ಇಲ್ಲೇ ಬಂದು ವೀರ್ಯದ ಮಾದರಿ ಕೊಡಬೇಕು ಎಂದ. ಶೌಚಾಲಯದ ಹೊರಗೆ ಜನ ಸಾಲಾಗಿ ಕೂತಿದ್ದನ್ನು ನೋಡಿ ಉಬ್ಬಣ್ಣನ ಜೀವ ಬಾಯಿಗೆ ಬಂತು. "ಇಲ್ಲಿ ಆಗಲ್ಲ ಸಾರ್."

"ಹಾಗಾದ್ರೆ ಮನೇಲೇ ಹಿಡಿದು ಒಂದು ಗಂಟೆ ಒಳಗೆ ತನ್ನಿ. ದಾರೀಲಿ ತಣ್ಣಗಾಗ್ಬಾರ್ದು," ಎಂದ ಅವನು ಮುಂದಿನವರನ್ನು ಕರೆಯುತ್ತಲೇ.

ತಣ್ಣಗಾಗಬಾರದು. ಅಷ್ಟನ್ನು ಉಬ್ಬಣ್ಣ ಗಟ್ಟಿಯಾಗಿ ಹಿಡಿದುಕೊಂಡ.

ಮಾದರಿ ಹಿಡಿದ ದಿನ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ಓಣಿಗೆ ಇಳಿದನೋ ಇಲ್ಲವೋ, ಬೇಕರಿಯ ಹಿಂಬಾಗಿಲಿಂದ ಮಾಲೀಕರು ಕೂಗಿದರು. "ಉಬ್ಬಣ್ಣಾ, ಬನ್ನು ಸೀದು ಹೋಗ್ತಿದೆ ಬಾರೋ! ಎರಡೇ ನಿಮಿಷ!" ಆ ಬೇಕರಿಯಲ್ಲಿ ಎರಡು ನಿಮಿಷ ಎಂದರೆ ಅರ್ಧ ಗಂಟೆ. ಒಳಗೆ ಹೋದ. ಡಬ್ಬಿಯನ್ನು ಎಲ್ಲಿಡುವುದು? ಮೇಜಿನ ಕಲ್ಲು ತಣ್ಣಗಿದೆ. ಕಿಟಕಿಯಲ್ಲಿ ಗಾಳಿ. ಭಟ್ಟಿಯ ತಲೆಯ ಮೇಲೆ ಒಂದು ಕಬ್ಬಿಣದ ಅಟ್ಟಣೆ ಇತ್ತು. ಮಂಕಾದ ಈಸ್ಟನ್ನು ಅವನು ಅದರ ಮೇಲಿಟ್ಟು ಎಬ್ಬಿಸುತ್ತಿದ್ದ. ಬಿಸಿ ತಾಗಿದರೆ ಈಸ್ಟು ಕಣ್ಣು ಬಿಡುತ್ತದೆ, ನೊರೆ ಏಳುತ್ತದೆ, ಸತ್ತ ಹಾಗಿದ್ದದ್ದು ಬದುಕುತ್ತದೆ. ಇದೂ ಜೀವವೇ ತಾನೇ? ಬೆಚ್ಚಗಿದ್ದರೆ ಇನ್ನೂ ಚುರುಕಾಗುತ್ತದೆ ಎಂದುಕೊಂಡು, ಡಬ್ಬಿಯನ್ನು ಅದೇ ಅಟ್ಟಣೆಯ ಮೇಲಿಟ್ಟು, ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನದಲ್ಲಿ ಬನ್ನು ಎಳೆಯಲು ನಿಂತ. ಪ್ರಯೋಗಾಲಯ ಮುಟ್ಟಿದಾಗಲೂ ಡಬ್ಬಿ ಟೀ ಲೋಟದಷ್ಟು ಬಿಸಿಯಿತ್ತು. ಮಾತು ತಪ್ಪದೆ ತಂದೆ ಎಂದು ಒಳಗೊಳಗೇ ಉಬ್ಬಿದ.

ಮರುದಿನ ಕಿಟಕಿಯಾಚೆಯಿಂದ ಪ್ರಯೋಗಾಲಯದವನು ಹೇಳಿದ. "ಒಂದೂ ಅಲ್ಲಾಡ್ತಿಲ್ಲ. ಎಲ್ಲಾ ಸತ್ತಿವೆ. ಡಾಕ್ಟ್ರಿಗೆ ತೋರ್ಸಿ."

ಉಬ್ಬಣ್ಣ ತೋರಿಸಲಿಲ್ಲ. ಹೆಂಡತಿ ಕೇಳಿದರೆ "ಇನ್ನೂ ಬಂದಿಲ್ಲ" ಎಂದ. ಭಟ್ಟಿಯ ಮುಂದೆ ನಿಂತರೆ ಎಲ್ಲಾ ಸತ್ತಿವೆ, ಊಟಕ್ಕೆ ಕೂತರೆ ಎಲ್ಲಾ ಸತ್ತಿವೆ. ಹಿಟ್ಟು ಉಬ್ತಾ ಎಂದು ಕೇಳುವುದನ್ನೂ ಬಿಟ್ಟ. ಗೋಡೆಗೆ ಅಮ್ಮ ಆಡುವ ಮಾತು ಈಗ ನೇರ ಅವನಿಗೇ ತಾಗುತ್ತಿತ್ತು. ಆದರೂ ತುಟಿ ಬಿಚ್ಚಲಿಲ್ಲ. ಹೆಂಡತಿ ಏಳು ವರ್ಷ ಹೊತ್ತದ್ದು ಯಾರ ಮೂಟೆ ಎಂದು ಗೊತ್ತಾದ ಮೇಲೂ ಇಳಿಸಿಕೊಳ್ಳುವ ಧೈರ್ಯ ಬರಲಿಲ್ಲ. ಕಡೆಗೊಂದು ಮಧ್ಯಾಹ್ನ ಬೇರೆ ದಾರಿ ಹಿಡಿದ.

"ನೀನು ನಿಮ್ಮಣ್ಣನ ಮನೆಗೆ ಹೋಗ್ಬಿಡು. ಇನ್ನೂ ವಯಸ್ಸಿದೆ. ಬೇರೆ ಮದುವೆ ಆಗು."

ಯಂತ್ರ ನಿಂತಿತು. "ಯಾಕೆ, ನಾನೇನು ಹಳಸಿದ ಬನ್ನಾ, ವಾಪಸ್ ಕಳ್ಸೋಕೆ?"

"ಹಳಸಿರೋದು ನಾನು ಕಣೇ," ಎಂದ ಉಬ್ಬಣ್ಣ. ಅಲ್ಲಿಗೆ ಎಲ್ಲ ಹೊರಬಿತ್ತು. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಅರ್ಧ ಹೊಲಿದ ಚಡ್ಡಿಯನ್ನು ಯಂತ್ರದಲ್ಲೇ ಬಿಟ್ಟು ಎದ್ದಳು. "ನಡೀರಿ. ನನ್ನನ್ನ ಕಳ್ಸೋದು ಆಮೇಲೆ ನೋಡೋಣ, ಮೊದ್ಲು ಡಾಕ್ಟ್ರಮ್ಮನ ಹತ್ರ."

ಡಾಕ್ಟ್ರಮ್ಮ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಇತ್ತೀಚೆಗೆ ಜೋರು ಜ್ವರ ಬಂದಿತ್ತಾ? ಚಿಕ್ಕವರಿದ್ದಾಗ ಕೆನ್ನೆ ಊದೋ ಕಾಯಿಲೆ? ಕೆಳಗಡೆ ಪೆಟ್ಟು, ಆಪರೇಷನ್ನು? ಸಿಗರೇಟು, ಕುಡಿತ? ಸಿಗರೇಟಿಗೆ ಮಾತ್ರ ಉಬ್ಬಣ್ಣ ತಲೆಯಾಡಿಸಿದ. ಏನು ಕೆಲಸ? ಭಟ್ಟಿ ಎಂದ. ಅವರು ಪೆನ್ನು ನಿಲ್ಲಿಸಿದರು.

"ಅಲ್ಲಾ, ಒಂದೂ ಅಲ್ಲಾಡಿಲ್ಲ ಅಂತಿದೆ. ಡಬ್ಬಿ ಹೇಗೆ ತಂದ್ರಿ?"

"ತಣ್ಣಗಾಗೋಕೆ ಬಿಡ್ಲಿಲ್ಲ ಮೇಡಂ. ಭಟ್ಟಿ ಮೇಲೆ ಇಟ್ಟಿದ್ದೆ, ಅರ್ಧ ಗಂಟೆ. ಈಸ್ಟ್ ಎಬ್ಬಿಸೋ ಜಾಗದಲ್ಲಿ."

"ಅಯ್ಯೋ ನಿಮ್ಮ! ಬೇಯಿಸ್ಕೊಂಡು ತಂದ್ರಾ?" ಎಂದಳು ಹೆಂಡತಿ. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಕ್ಕು ನಕ್ಕು ಅದು ಯಾವಾಗ ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ.

ಡಾಕ್ಟ್ರಮ್ಮ ನಗಲಿಲ್ಲ. "ತಣ್ಣಗಾಗ್ಬಾರ್ದು ಅಂದ್ರೆ ಮೈ ಬಿಸಿ ಅಷ್ಟೇ. ಒಳಗಿನ ಜೇಬು ಸಾಕು. ಒಂದು ಟ್ರೇ ಸೀದೋಯ್ತು ಅಂತ ಭಟ್ಟಿ ಒಡೆದು ಹಾಕ್ತೀರಾ? ಸರಿಯಾಗಿ ತಂದಿದ್ರೂ ಎರಡು ಸಲ ನೋಡ್ದೆ ನಾವು ಏನೂ ಹೇಳಲ್ಲ. ಕೆಲವು ವಾರ ಬಿಟ್ಟು ಮತ್ತೆ ಕೊಡಿ."

ಎರಡನೆಯ ಸಲ ಹೆಂಡತಿ ಕಾವಲಿಗೆ ಜೊತೆಗೇ ಬಂದಳು. ಡಬ್ಬಿ ಅವನ ಅಂಗಿಯೊಳಗೆ. ಹಿಂಬಾಗಿಲಿಂದ ಮಾಲೀಕರು "ಎರಡೇ ನಿಮಿಷ..." ಎನ್ನುವಷ್ಟರಲ್ಲಿ ಅವಳು ತಿರುಗಿ ನಿಂತಳು. "ಇವತ್ತು ನಿಮ್ಮ ಬನ್ನು ನೀವೇ ಎಳ್ಕೊಳ್ಳಿ!" ಮಾಲೀಕರ ಬಾಯಿ ಭಟ್ಟಿಯಷ್ಟೇ ಅಗಲವಾಯಿತು.

ಈ ಸಲ ಫಲಿತಾಂಶಕ್ಕೆ ಇಬ್ಬರೂ ಡಾಕ್ಟ್ರಮ್ಮನ ಎದುರೇ ಕೂತರು. "ಇವೆ. ಕಡಿಮೆ ಇವೆ, ಓಡಾಟಾನೂ ಸೋಮಾರಿ. ಆದ್ರೆ ಜೀವ ಇದೆ," ಎಂದರು. ಉಬ್ಬಣ್ಣನನ್ನು ಪರದೆಯ ಹಿಂದೆ ನಿಲ್ಲಿಸಿ, ಉಸಿರು ಬಿಗಿಹಿಡಿಸಿ ಪರೀಕ್ಷೆಯನ್ನೂ ಮಾಡಿದರು. "ಎಡಗಡೆ ವೃಷಣದ ಹತ್ರ ರಕ್ತನಾಳ ಉಬ್ಬಿದೆ."

"ಅಲ್ಲೂ ಉಬ್ತಾ?" ಎಂದುಬಿಟ್ಟ ಉಬ್ಬಣ್ಣ.

ಡಾಕ್ಟ್ರಮ್ಮನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ವೃಷಣಗಳು ಹೊಟ್ಟೆಯೊಳಗಿರದೆ ಹೊರಗೆ ಜೋತಾಡುವುದೇ ಮೈಗಿಂತ ತಂಪಾಗಿರಲಿ ಎಂದು. ನಾಳ ಉಬ್ಬಿದರೆ ರಕ್ತ ನಿಂತು ಬಿಸಿ ಏರುತ್ತದೆ. ಅದರ ಮೇಲೆ ವರ್ಷಗಟ್ಟಲೆ ಭಟ್ಟಿಯ ಕಾವು, ಸಿಗರೇಟು. ಯಾವುದರ ಪಾಲು ಎಷ್ಟೆಂದು ಹೇಳಲಾಗದು. ಹಾರ್ಮೋನಿನ ರಕ್ತಪರೀಕ್ಷೆ ಆಗಬೇಕು, ಶಸ್ತ್ರಚಿಕಿತ್ಸೆಯವರ ಅಭಿಪ್ರಾಯ ಕೇಳಬೇಕು. ಭಟ್ಟಿ ಬಿಟ್ಟರೂ ಹೊಸ ವೀರ್ಯಾಣು ತಯಾರಾಗಲು ಸುಮಾರು ಮೂರು ತಿಂಗಳು.

"ಮೇಡಂ," ಉಬ್ಬಣ್ಣನ ದನಿ ಇಳಿಯಿತು, "ಅಂದ್ರೆ ನಾನು... ಗಂಡಸಲ್ವಾ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಪ್ಪ. ಇದು ಕಾಲುನೋವು, ಕಣ್ಣುನೋವು ಇದ್ದ ಹಾಗೆ ಒಂದು ತೊಂದ್ರೆ."

"ಆದ್ರೆ ಖಂಡಿತ ಮಗು ಆಗುತ್ತಾ?"

"ಖಂಡಿತ ಅನ್ನೋರ ಹತ್ರ ಹೋಗ್ಬೇಡಿ."

ಹಿಂದಿರುಗುವಾಗ ಇಬ್ಬರಿಗೂ ಸುಸ್ತಾಗಿತ್ತು. ಮನೆಯಲ್ಲಿ ಅವಳು ಯಂತ್ರದ ಮುಂದೆ ಕೂತಳು, ಅವನು ಗೋಡೆ ಹಿಡಿದು ಚಪ್ಪಲಿ ಬಿಟ್ಟ. ಅಮ್ಮ ಗೋಡೆಯ ಕಡೆ ತಿರುಗಿದಳು.

"ಹೋಗಿದ್ದೂ ಬಂದಿದ್ದೂ ಆಯ್ತು. ಹಿಟ್ಟೇ ಸರಿ ಇಲ್ಲದಿದ್ರೆ..."

"ಹಿಟ್ಟು ಸರಿಯಾಗಿದೆ ಕಣಮ್ಮಾ," ಎಂದ ಉಬ್ಬಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾಗುವಷ್ಟು ಶಕ್ತಿಯೇ ಇರಲಿಲ್ಲ. "ಈಸ್ಟ್ ಸರಿ ಇಲ್ಲ. ಅದು ನನ್ನದು. ಮೊದಲಿಂದ್ಲೂ ನನ್ನದೇ."

ಅಮ್ಮ ಗೋಡೆಯನ್ನೇ ನೋಡುತ್ತಿದ್ದಳು. ಹಾಗೇ ಕೇಳಿದಳು. "ಆ ಭಟ್ಟಿಯಿಂದ್ಲಾ?"

"ಅದೂ ಒಂದಿರಬೋದು ಅಂದ್ರು."

"ನಿಮ್ಮಪ್ಪ ಸತ್ತ ವರ್ಷ ನಿನ್ನನ್ನ ಅಲ್ಲಿ ನಿಲ್ಸಿದ್ದು ನಾನೇ," ಎಂದಳು ಅಮ್ಮ. ಸೊಸೆಯ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಏಳು ವರ್ಷದಿಂದ ಅವಳನ್ನು ನೇರ ಕರೆದು ಮಾತಾಡಿಯೇ ಗೊತ್ತಿರಲಿಲ್ಲ. ಕೊನೆಗೆ ಬಂದದ್ದು ಇಷ್ಟೇ: "ಟೀ ಕುಡೀತೀಯೇನಮ್ಮಾ?"

ಸೊಸೆ ಯಂತ್ರ ತುಳಿಯುವುದನ್ನು ನಿಲ್ಲಿಸಿದಳು.

ಈಗ ಉಬ್ಬಣ್ಣ ಹಿಟ್ಟು ನಾದುವ ಮೇಜಿನಲ್ಲಿದ್ದಾನೆ. ಭಟ್ಟಿಗೆ ಆಗಾಗ ಬೇರೆಯವರು ನಿಲ್ಲುತ್ತಾರೆ. ಯಾರೂ ಸಿಗದ ದಿನ ಮಾಲೀಕರೇ ಬೆವರು ಸುರಿಸುತ್ತ ನಿಂತು ಗೊಣಗುತ್ತಾರೆ. ಸಿಗರೇಟು ಬಿಟ್ಟಿದ್ದಾನೆ, ಬಿಟ್ಟಿದ್ದೇನೆ ಎಂದಂತೂ ಹೇಳುತ್ತಾನೆ. ರಕ್ತಪರೀಕ್ಷೆ ಆಗಿದೆ, ಶಸ್ತ್ರಚಿಕಿತ್ಸೆಯವರನ್ನು ಇನ್ನೂ ನೋಡಬೇಕು. ಮನೆಗೆ ಬಂದರೆ ಹೆಂಡತಿ ತಲೆ ಎತ್ತದೆ ಕೇಳುತ್ತಾಳೆ: "ಉಬ್ತಾ?"

"ಇವತ್ತು ಹಿಟ್ಟು ಉಬ್ತು," ಎನ್ನುತ್ತಾನೆ ಅವನು. ಆಮೇಲೆ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು, ಹೊಲಿದ ಚಡ್ಡಿಗಳಿಗೆ ಗುಂಡಿ ಹಾಕುತ್ತಾನೆ.