ಹೊರಗೆ ಕೂತು ಓದಿದವಳು

ನಾನು ಸುಳ್ಳು ಹೇಳಿ ಎಸ್‌ಎಸ್‌ಎಲ್‌ಸಿ ಓದಿದವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆ ಆಗಬೇಕಾದವರು ಬೇರೆಯವರಿದ್ದರು, ಅವರಿಗೆ ಆಗಲಿಲ್ಲ.

ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿದ್ದರೂ ಮೈಸೂರಿನ ಅಗ್ರಹಾರದ ನಮ್ಮ ಮನೆಗೆ ಅದು ಇನ್ನೂ ತಲುಪಿರಲಿಲ್ಲ. ಹದಿಮೂರಕ್ಕೆ ನಾನು ದೊಡ್ಡವಳಾದೆ, ಮರುವಾರ ಶಾಲೆ ನಿಂತಿತು. ನಿಲ್ಲಿಸಿದವರು ಅಪ್ಪನ ತಾಯಿ, ನಮ್ಮ ಅಜ್ಜಿ. ಅಪ್ಪ ಅರಮನೆ ಕಚೇರಿಯಲ್ಲಿ ಗುಮಾಸ್ತರು. ದಿನವೆಲ್ಲ ಹೂಂ ಅಂದು ರೂಢಿಯಾಗಿದ್ದ ಬಾಯಿ ಮನೆಯಲ್ಲೂ ಹೂಂ ಅಂದಿತು.

ಅಮ್ಮ ಮಾತ್ರ ಹೂಂ ಅನ್ನಲಿಲ್ಲ. "ನಾನು ಹೇಳಿಕೊಡ್ತೀನಿ ಕಣೇ. ಮನೇಲೇ ಓದಿ ಪರೀಕ್ಷೆಗೆ ಕಟ್ಟು. ಪಾಸಾದ್ರೆ ಶಾಲೇಲಿ ಕೆಲಸ ಸಿಗತ್ತೆ, ನಾಳೆ ಯಾರ ಮುಂದೂ ಕೈ ಚಾಚಬೇಕಾಗಿಲ್ಲ" ಅಂದಳು. ಮನೆಗೆಲಸ ಕೆಡಬಾರದು ಎಂಬ ಷರತ್ತಿನ ಮೇಲೆ ಅಪ್ಪ ಒಪ್ಪಿದರು.

ಮನೆಗೆಲಸ ಕೆಡದ ಹಾಗೆ ಓದುವುದು ಎಲ್ಲಿಂದ ಬಂತು? ಹೂ ಕಟ್ಟು, ದೇವರ ಪಾತ್ರೆ ಬೆಳಗು, ಹಿಟ್ಟು ರುಬ್ಬು, ಬಂದವರಿಗೆ ಕಾಫಿ ಕೊಡು. ಪುಸ್ತಕ ತೆಗೆದ ಗಳಿಗೆಗೇ ಅಜ್ಜಿಗೆ ನನ್ನ ನೆನಪಾಗುತ್ತಿತ್ತು. ತಿಂಗಳಲ್ಲಿ ಮೂರು ದಿನ ಮಾತ್ರ ನನ್ನನ್ನು ಯಾರೂ ಕರೆಯುವಂತಿರಲಿಲ್ಲ. ಮುಟ್ಟಾದ ಆ ಮೂರು ದಿನ ನಾನು ಹೊರಗೆ, ಹಿತ್ತಲ ಕಡೆಯ ಸಣ್ಣ ಕೋಣೆಯಲ್ಲಿ, ಒಂದು ಚಾಪೆ, ಒಂದು ಚೊಂಬಿನೊಂದಿಗೆ. ನಾನು ಮುಟ್ಟಿದ್ದೆಲ್ಲ ಮೈಲಿಗೆ ಎಂದು ಅಜ್ಜಿ ಆ ಬಾಗಿಲ ಹತ್ತಿರವೂ ಸುಳಿಯುತ್ತಿರಲಿಲ್ಲ. ಓದಲು ಅದಕ್ಕಿಂತ ಒಳ್ಳೆಯ ಜಾಗ ಊರಲ್ಲೇ ಇರಲಿಲ್ಲ.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುತ್ತಾರಲ್ಲ, ನಮ್ಮಮ್ಮ ಆ ಜಾತಿ. "ಈ ತಿಂಗಳು ಎರಡು ಸಲ ಆಗು" ಅಂದಳು ಒಂದು ದಿನ, ಬತ್ತಿ ಹೊಸೆಯುತ್ತಾ. ಆದೆ. ಆಮೇಲೆ ಪ್ರತಿ ತಿಂಗಳೂ ಎರಡು ಸಲ ಆದೆ. ಹುಡುಗಿಯ ಮೈಯಲ್ಲೇನೋ ದೋಷವಿದೆ ಎಂದು ಅಜ್ಜಿ ಅಶೋಕದ ಚಕ್ಕೆಯ ಕಷಾಯ ಕಾಯಿಸಿ ಕೊಟ್ಟರು. ಮೂಗು ಮುಚ್ಚಿಕೊಂಡು ಕುಡಿದು ಬೀಜಗಣಿತ ಮಾಡಿದೆ. ಬೀಜಗಣಿತ ಅಮ್ಮನಿಗೂ ಬರುತ್ತಿರಲಿಲ್ಲ. ಊಟವೆಲ್ಲ ಮುಗಿದ ಮಧ್ಯಾಹ್ನ ಅವಳು ಮೂರು ಮಾರು ದೂರದಲ್ಲಿ ಕೂತು ಲೆಕ್ಕ ಓದುವಳು, ನಾನು ಕೋಣೆಯೊಳಗಿಂದ ಬಿಡಿಸುವೆ. ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರ ಬರುವ ತನಕ ಇಬ್ಬರೂ ಬಿಡುತ್ತಿರಲಿಲ್ಲ. ಹೀಗೆ ಮೂರು ವರ್ಷ.

ಕೊನೆಗೆ ದುರಾಸೆ ಮಾಡಿದೆ. ಪರೀಕ್ಷೆಗೆ ಒಂದು ವಾರವಿದ್ದಾಗ, ಇನ್ನೊಮ್ಮೆ ಎಲ್ಲ ತಿರುವಿ ಹಾಕೋಣವೆಂದು ಸುಳ್ಳು ಮುಟ್ಟಾಗಿ ಹೊರಗೆ ಕೂತೆ. ಪರೀಕ್ಷೆಯ ಮೊದಲ ದಿನ ಬೆಳಗ್ಗೆ ನಿಜವಾಗಿಯೇ ಆದೆ. ಬಚ್ಚಲಿಗೆ ಓಡುವಾಗ ಅಜ್ಜಿ ನನ್ನ ಲಂಗ ನೋಡಿಬಿಟ್ಟರು.

"ಏನೇ ಇದು? ಹೋದ ವಾರ ತಾನೇ ತಲೆಗೆ ನೀರು ಹಾಕ್ಕೊಂಡ್ಯಲ್ಲೇ?" ಅಂದವರು ಅಲ್ಲೇ ನಿಂತು, ನಾನು ಹೊರಗೆ ಕೂತ ದಿನಗಳನ್ನೂ ಪರೀಕ್ಷೆಯ ದಿನವನ್ನೂ ಬೆರಳು ಮಡಿಸಿ ಎಣಿಸಿದರು. ಎರಡು ಸಲ ಮಡಿಸುವಷ್ಟರಲ್ಲಿ ಎಲ್ಲ ತಿಳಿಯಿತು. "ಮೂರು ವರ್ಷ ನನ್ ಕೈಲಿ ಕಷಾಯ ಕಾಯಿಸಿದ್ರಲ್ಲೇ ತಾಯಿ ಮಗಳು! ಹೋಗು, ಕೋಣೇಲಿ ಕೂತ್ಕೋ. ಮುಟ್ಟಾದೋಳು ದೇವರ ಮನೆ ಮುಂದೆ ಹಾದು ಬೀದಿಗೆ ಹೋಗೋ ಹಾಗಿಲ್ಲ. ಮೂರು ದಿನ ಕಳೀಲಿ, ಆಮೇಲೆ ಬೇಕಾದ್ರೆ ಬರಿ."

ಪರೀಕ್ಷೆ ಇವರಿಗಾಗಿ ಕಾಯುತ್ತದೆ ಅನ್ನುವ ಹಾಗೆ. ಅಪ್ಪ ಪೇಟ ಸರಿಮಾಡಿಕೊಳ್ಳುತ್ತಾ, "ಸೆಪ್ಟೆಂಬರಿಗೆ ಕಟ್ಟಿದ್ರಾಯ್ತು ಬಿಡು" ಅಂದರು. ನನಗೆ ಸೆಪ್ಟೆಂಬರ್ ಇರಲಿಲ್ಲ. ವೈಶಾಖದಲ್ಲಿ ಮದುವೆ ಮುಗಿಸುವ ಮಾತು ಆಗಲೇ ನಡೆದಿತ್ತು. ಆ ಕ್ಷಣ ಅಪ್ಪನ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಅಮ್ಮ ಮಡಿಯುಟ್ಟು ಒಲೆಯ ಮುಂದಿದ್ದಳು. ಎದ್ದು ಬಂದಳು. ಅಜ್ಜಿ ನೋಡುತ್ತಿದ್ದ ಹಾಗೆಯೇ ನನ್ನ ಹೆಗಲ ಮೇಲೆ ಕೈಯಿಟ್ಟಳು.

"ಈಗ ನಾನೂ ಮೈಲಿಗೆ. ಒಲೆ ಮೇಲೆ ಬೇಳೆ ಇದೆ, ನೋಡ್ಕೊಳಿ" ಅಂದಳು. ನನಗೆ ಬೇರೆ ಬಟ್ಟೆ ಉಡಿಸಿ, ಕೈ ಹಿಡಿದು, ದೇವರ ಮನೆಯ ಮುಂದೆಯೇ ನಡೆಸಿಕೊಂಡು ಮುಂಬಾಗಿಲಿಂದ ಹೊರಟಳು. ಬೀದಿಯುದ್ದಕ್ಕೂ ಕೈ ಬಿಡಲಿಲ್ಲ. ಎದುರು ಮನೆಯವರು ನೋಡಿದರು. ನೋಡಲಿ.

ಪಾಸಾದೆ, ಆ ವರ್ಷವೇ ಒಂದು ಪ್ರೈಮರಿ ಶಾಲೆಯಲ್ಲಿ ಕೆಲಸವೂ ಸಿಕ್ಕಿತು ಎಂದು ಈಗಲೇ ಹೇಳಿಬಿಡುತ್ತೇನೆ. ಗಂಡಿನ ಕಡೆಯವರು ಸುದ್ದಿ ಕೇಳಿ ಸಂಬಂಧ ಬೇಡವೆಂದರು. ಪರೀಕ್ಷೆ ನಡೆದ ಅಷ್ಟೂ ದಿನ ಅಜ್ಜಿಯೇ ಅಡುಗೆ ಮಾಡಿದರು, ಮನೆಯಲ್ಲಿ ಯಾರೂ ಉಪವಾಸ ಬೀಳಲಿಲ್ಲ. ಅಜ್ಜಿ ಹಳೆಯ ಕಾಲದವರು, ಪಾಪ, ಎಂದು ನೆಂಟರು ಈಗ ನನಗೆ ಬುದ್ಧಿ ಹೇಳುತ್ತಾರೆ. ಅಮ್ಮನೂ ಅದೇ ಕಾಲದವಳೇ.

ಮೊದಲ ದಿನದ ಪರೀಕ್ಷೆ ಮುಗಿಸಿ ಸಂಜೆ ನಾವು ಹಿತ್ತಲ ಬಾಗಿಲಿಗೆ ಬಂದಾಗ ಅಜ್ಜಿ ಅಲ್ಲೇ ನಿಂತಿದ್ದರು. "ನೀನು ಸ್ನಾನ ಮಾಡಿ ಒಳಗೆ ಬಾ" ಅಂದರು ಅಮ್ಮನಿಗೆ.

"ಇವಳ ಪರೀಕ್ಷೆ ಮುಗೀಲಿ, ಮಾಡ್ತೀನಿ" ಅಂದಳು ಅಮ್ಮ. ನೇರವಾಗಿ ಆ ಸಣ್ಣ ಕೋಣೆಗೆ ಬಂದು, ನನ್ನ ಚಾಪೆಯ ಮೇಲೆ, ನನಗೆ ಒತ್ತಿಕೊಂಡು ಕೂತಳು.

"ನಾಳೆ ಗಣಿತ. ತೆಗಿ ಪುಸ್ತಕ."