ಎರಡನೆಯ ಡಿಕ್ಕಿ

ವರ್ಷವಿಡೀ ಬೆವರುವ ಸಿಂಗಪುರದಲ್ಲಿ ಹಲ್ಲು ಕಟಕಟ ಎನ್ನುವಷ್ಟು ಚಳಿಯಾಯಿತು ಎಂದರೆ ನೀವು ನಂಬಲಿಕ್ಕಿಲ್ಲ. ಜುರಾಂಗಿನಲ್ಲಿ ರೈಲಿಳಿದು ನಡೆಯುವಾಗ ಅಂಗಿ ಬೆನ್ನಿಗೆ ಅಂಟಿತ್ತು. ಲಿಫ್ಟ್ ಹತ್ತಿ ಬಾಗಿಲು ತಳ್ಳಿದರೆ ಎದುರಿಗೆ ಮದುವೆ ಛತ್ರದಷ್ಟು ಅಗಲದ ಮಂಜುಗಡ್ಡೆ. ಅದರ ಮೇಲೆ ಹೆಲ್ಮೆಟ್ಟು, ಮುಖಕ್ಕೆ ಕಂಬಿಯ ಜಾಲರಿ ತೊಟ್ಟ ಮಕ್ಕಳು ಕೋಲು ಹಿಡಿದು ಒಬ್ಬರ ಮೇಲೊಬ್ಬರು ನುಗ್ಗುತ್ತಿದ್ದರು. ಮೈಸೂರಿನಲ್ಲಿ ಹಾಕಿ ಎಂದರೆ ಧೂಳು. ಇಲ್ಲಿ ಧಡ್ ಎಂಬ ಸದ್ದು, ಆಮೇಲೆ ಗೋಡೆಗೊರಗಿ ಕೂತ ಒಂದು ಮಗು. ಆ ಸದ್ದು ನನಗೆ ಮೊದಲ ದಿನವೇ ಹಿಡಿಸಲಿಲ್ಲ. ಆದರೂ ಹನ್ನೊಂದು ವರ್ಷದ ಮಗಳು ಮೇಘಳನ್ನು ಅಲ್ಲಿಗೆ ಸೇರಿಸಿದೆ.

ಕಾರಣವಿತ್ತು. ಕ್ಲೆಮೆಂಟಿಯ ಬಾಡಿಗೆ ಫ್ಲ್ಯಾಟಿಗೆ ಬಂದು ಆರು ತಿಂಗಳಾದರೂ ಅವಳಿಗೆ ಒಬ್ಬ ಗೆಳತಿಯೂ ಸಿಕ್ಕಿರಲಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಅವಳನ್ನು ಊಟಕ್ಕೆ ಕರೆಯಬೇಕಾದರೆ ನಾಲ್ಕು ಮನೆ ಹುಡುಕಬೇಕಿತ್ತು. ಇಲ್ಲಿ ಹನ್ನೆರಡನೇ ಮಹಡಿ, ಸಾಲು ಸಾಲು ಮುಚ್ಚಿದ ಬಾಗಿಲು. ಕೆಳಗೆ ವಾಯ್ಡ್ ಡೆಕ್, ಅಂದರೆ ಕಟ್ಟಡದ ಕಂಬಗಳ ನಡುವಿನ ಖಾಲಿ ಜಾಗ. ಅಲ್ಲಿ ಮುದುಕರು ಚದುರಂಗ ಆಡುತ್ತಿದ್ದರು. ಐಸ್ ಹಾಕಿಯಲ್ಲಿ ಮೇಘಳಿಗೆ ಮೇ ಲಿಂಗ್ ಎಂಬ ಚೀನೀ ಹುಡುಗಿ ಜೊತೆಯಾದಳು. ಮಗಳು ಇಲ್ಲಿಯವರ ಹಾಗೆ ‘ಕ್ಯಾನ್ ಲಾ’, ಅಂದರೆ ‘ಆಗತ್ತೆ ಬಿಡು’, ಅನ್ನಲು ಕಲಿತಳು. ನಾನೇ ಏನೋ ಗೆದ್ದವನ ಹಾಗೆ ಬೀಗಿದೆ.

ಆ ಶನಿವಾರ ಬೆಳಿಗ್ಗೆ ಗೆಳತಿಯರಿಬ್ಬರೂ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆಯೊಂದರ ಹಿಂದೆ ಬಿದ್ದು ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡರು. ಮೇಘ ಬಿದ್ದವಳು ಸ್ವಲ್ಪ ಹೊತ್ತು ಏಳಲಿಲ್ಲ. ಕೆನಡಾದ ಕೋಚ್ ಅವಳನ್ನು ಬೆಂಚಿಗೆ ತಂದು ಎರಡು ಬೆರಳು ತೋರಿಸಿದ. ಅವಳು ಎರಡು ಅಂದಳು. "ಶಿ ಈಸ್ ಫೈನ್," ಎಂದು ಬೆನ್ನು ತಟ್ಟಿ ಹೋದ. ರಕ್ತವಿಲ್ಲ, ಬಾವಿಲ್ಲ, ಹೆಲ್ಮೆಟ್ಟೂ ಇದೆ, ನನಗೂ ಸಮಾಧಾನವಾಯಿತು.

ಆಮೇಲೆ ನಾನೊಂದು ಘನಕಾರ್ಯ ಮಾಡಿದೆ. ತಲೆ ಒಂದೇ ಸಲ ತಾಗಿದರೆ ಕೊಂಬು ಬರುತ್ತದೆ, ಇನ್ನೊಮ್ಮೆ ತಾಗಿಸಿಕೊಳ್ಳಬೇಕು ಎಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ?

"ಪುಟ್ಟಿ, ಇನ್ನೊಂದ್ಸಲ ಡಿಕ್ಕಿ ಹೊಡ್ಕೊಂಡ್ಬಿಡಿ. ಇಲ್ಲಾಂದ್ರೆ ಇಬ್ರಿಗೂ ಕೊಂಬು ಬರತ್ತೆ, ಅವಳಿಗೂ ಹೇಳು!"

ಮೇ ಲಿಂಗಳಿಗೆ ಕೊಂಬಿನ ಮಾತು ಭಾರಿ ಇಷ್ಟವಾಯಿತು. ನಮ್ಮೂರಲ್ಲಾದರೆ ಹಣೆಗೆ ಹಣೆ ಮೆತ್ತಗೆ ಮುಟ್ಟಿಸುತ್ತೇವೆ. ಇವರು ಹೆಲ್ಮೆಟ್ಟಿನ ಧೈರ್ಯದಲ್ಲಿ ಟಗರುಗಳ ಹಾಗೆ ಹಿಂದೆ ಸರಿದು, ಓಡಿಬಂದು ಗುದ್ದಿಕೊಂಡರು. ಇಬ್ಬರೂ ನಕ್ಕರು. ನಾನೂ ನಕ್ಕೆ.

ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯುವಾಗ ಮೇಘ ಕೇಳಿದಳು, "ಅಪ್ಪ, ಗೇಮ್ ಸ್ಟಾರ್ಟ್ ಆಯ್ತಾ?"

"ಮುಗೀತಲ್ಲ ಪುಟ್ಟಿ."

ರೈಲು ಹತ್ತಿದ ಮೇಲೆ ಅದೇ ಪ್ರಶ್ನೆ. ಕ್ಲೆಮೆಂಟಿಯಲ್ಲಿ ಇಳಿಯುವಾಗ ಮೂರನೆಯ ಸಲ ಕೇಳಿದಳು. ಅಲ್ಲೇ ವಾಂತಿ ಮಾಡಿಕೊಂಡಳು. ಗುರುತಿಲ್ಲದ ಒಬ್ಬ ಆಂಟಿ ಟಿಶ್ಯೂ ಕೊಟ್ಟು, "ಹಾಸ್ಪಿಟಲ್ ಗೋ, ಫಾಸ್ಟ್ ಲಾ!" ಎಂದು ಗದರಿದರು.

ಆಸ್ಪತ್ರೆಗೆ ನನ್ನ ಹೆಂಡತಿ ಸುಧಾ ಓಡಿ ಬಂದಳು. ಹೆಲ್ಮೆಟ್ಟು ಬುರುಡೆಯನ್ನು ಕಾಯುತ್ತದೆ, ಒಳಗಿನ ಮಿದುಳು ಅಲುಗುವುದನ್ನು ತಡೆಯುವುದಿಲ್ಲ ಎಂದರು ಡಾಕ್ಟರ್. ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗುಡುಗುಡು ಎನ್ನುವ ಒಣ ಕೊಬ್ಬರಿ ನನಗೆ ನೆನಪಾಯಿತು.

"ಮೊದಲ ಪೆಟ್ಟಿನ ನಂತರ ಇನ್ನೊಂದು ಪೆಟ್ಟೇನಾದರೂ ಬಿತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನೋ," ಅಂದುಬಿಟ್ಟೆ.

ಅವರು ಅದನ್ನು ಬರೆದುಕೊಂಡರು. ನನ್ನ ಸುಳ್ಳು ಮಗಳ ಕಾಗದದ ಮೇಲೆ ಇಳಿಯುವುದನ್ನು ಕಂಡೆ. "ಸಾರಿ ಡಾಕ್ಟರ್. ಬಿತ್ತು. ನಾನೇ ಹೊಡೆಸಿದೆ."

ಊರಿನಲ್ಲಿ ಅರ್ಧ ಮಾತಿಗೆ ಅರ್ಥವಾಗುವುದನ್ನು ಅಲ್ಲಿ ತೊದಲುತ್ತಾ ವಿವರಿಸಿದೆ. ಅವರು ನಗಲಿಲ್ಲ. ಮೊದಲನೆಯದು ಮಾಯುವ ಮುಂಚೆ ಬಿದ್ದರೆ ಸಣ್ಣ ಪೆಟ್ಟೂ ದೊಡ್ಡದಾಗಬಹುದು ಎಂದರು. ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಯಾವಾಗ ಸರಿಹೋಗುತ್ತಾಳೆ ಎಂದು ಮಾತ್ರ ಹೇಳಲಿಲ್ಲ. ದಿನವೂ ಹೆಸರು, ವಾರ, ಎಲ್ಲಿದ್ದಾಳೆ ಎಂದು ಕೇಳುತ್ತಿರಿ, ತಪ್ಪಿದರೆ ಕೂಡಲೇ ಫೋನ್ ಮಾಡಿ ಎಂದರು.

ಟ್ಯಾಕ್ಸಿಯಲ್ಲಿ ಸುಧಾ ಒಂದೇ ಮಾತು ಕೇಳಿದಳು. "ಎಷ್ಟು ಜೋರಾಗಿ ಹೊಡ್ಕೊಂಡ್ರು?"

"ಜೋರಾಗೇ."

ಅವಳು ಕಿಟಕಿಯ ಕಡೆ ತಿರುಗಿದಳು. ಮತ್ತೆ ಆ ಮಾತು ಎತ್ತಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರು ವಾರ ಪರದೆ ಎಳೆದ ಕೋಣೆ. ಟಿವಿ ಇಲ್ಲ, ಸ್ಕೂಲಿಲ್ಲ. ಮೇ ಲಿಂಗ್ ಕಿತ್ತಳೆ ಹಣ್ಣು ತಂದಾಗ ಮೇಘ ಅವಳ ಮುಖವನ್ನೇ ನೋಡುತ್ತಾ ಕೂತು, ತುಂಬಾ ತಡವಾಗಿ ಹೆಸರು ಹಿಡಿದು ಕರೆದಳು.

ಒಂದು ಮಧ್ಯಾಹ್ನ ಎಂದಿನಂತೆ ಕೇಳಿದೆ. ಹೆಸರು ಸರಿ. ವಾರ ಸರಿ.

"ಈಗ ಎಲ್ಲಿದ್ದೀಯ ಪುಟ್ಟಿ?"

ಗೋಡೆ, ಪರದೆ ಎಲ್ಲ ನೋಡಿದಳು. ಆಮೇಲೆ, "ಮನೆಗೆ ಹೋಗೋಣ ಅಪ್ಪ," ಅಂದಳು.

ಮಲಗಿದ್ದದ್ದು ತನ್ನದೇ ಮಂಚದಲ್ಲಿ. ಇದು ಪೆಟ್ಟಿನ ಮಾತೋ, ಆಫೀಸಿನಲ್ಲಿ ಕೂತು ನಾನೂ ದಿನಾ ಊರು ನೆನೆದು ಮನಸ್ಸಿನಲ್ಲೇ ಅಂದುಕೊಳ್ಳುವ ಮಾತೋ? ಹೇಗೆ ತಿಳಿಯುವುದು?

"ಯಾವ ಮನೆಗೆ?"

ಅವಳು ಹುಬ್ಬು ಗಂಟಿಕ್ಕಿದಳು. "ನೀನೇ ಹೇಳು ಅಪ್ಪ."

ನನ್ನ ತಲೆಗೆ ಯಾವ ಪೆಟ್ಟೂ ಬಿದ್ದಿರಲಿಲ್ಲ. ಆದರೂ ಮೈಸೂರು ಎನ್ನಬೇಕೋ, ಕ್ಲೆಮೆಂಟಿ ಎನ್ನಬೇಕೋ ನನಗೂ ಗೊತ್ತಿರಲಿಲ್ಲ. ಎದ್ದು ಹೋಗಿ ಡಾಕ್ಟರಿಗೆ ಫೋನ್ ಮಾಡಿದೆ.